ಮೂಲೆಯಿಲ್ಲದ ಡೇರೆ

ಬಂಡೀಪುರ, ೩ ಮೇ ೧೯೭೬, ಸೋಮವಾರ

ಈ ನೋಟ್‌ಬುಕ್ಕು ಅಂಬುಜಾಳ ಕಣ್ಣಿಗೆ ಬೀಳಬಾರದು. ಬಿದ್ದರೂ ಅವಳು ಓದುವುದು ಅನುಮಾನ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಕೆಂಪು ಶಾಯಿಯಲ್ಲಿ ತಿದ್ದಿ ಮುಗಿಸಿದ್ದೇನೆಂದು ನಂಬಿರುವವಳು ಅವಳು.

ಅವಳ ತಮ್ಮ ವೆಂಕಟಗಿರಿಗೆ ರಾಜಾಜಿನಗರದಲ್ಲಿ ಶಾಮಿಯಾನದ ಅಂಗಡಿ. ಮದುವೆ, ಮುಂಜಿ, ರಾಜ್ಯೋತ್ಸವ, ತಿಥಿ, ಯಾವುದಕ್ಕೂ ಅವನ ಕಂಬಗಳೇ ಆಗಬೇಕು. ಈ ಬೇಸಿಗೆಯಲ್ಲಿ ಯಾರ ಯಾರದೋ ಕೈಕಾಲು ಹಿಡಿದು, ಇಲ್ಲಿಯ ರಾಷ್ಟ್ರೀಯ ಉದ್ಯಾನದ ಬಯಲಿನಲ್ಲಿ ಪ್ರವಾಸಿಗರಿಗೆ ಡೇರೆ ಹಾಕುವ ಕಂಟ್ರಾಕ್ಟು ಹಿಡಿದಿದ್ದಾನೆ. ಆರು ಡೇರೆಗಳು. ಒಳಗೆ ಮಡಚುವ ಮಂಚ, ಸೊಳ್ಳೆಪರದೆ, ಕನ್ನಡಿ, ಎನಾಮಲ್ ಜಗ್ಗು. ಸಾಲದ್ದಕ್ಕೆ ಡೇರೆಗೆ ಎರಡರಂತೆ ವಧೂವರರು ಕೂರುವ ಕೆಂಪು ಮಖಮಲ್ಲಿನ ಕುರ್ಚಿಗಳು. ಆನೆ ನೋಡಲು ಬೊಂಬಾಯಿಯಿಂದ ಬಂದ ಸೇಠು ದಂಪತಿಗಳು ಸಾಯಂಕಾಲವೆಲ್ಲ ಅದರಲ್ಲಿ ಕೂತಿದ್ದರು, ಆರತಿಗೆ ಕಾದವರ ಹಾಗೆ.

ನಮಗೆ ಸಿಕ್ಕಿದ್ದು ಏಳನೆಯದು. ರಷ್ಯದ ಯಾವುದೋ ಸಚಿತ್ರ ಪತ್ರಿಕೆಯಲ್ಲಿ ಮಂಗೋಲಿಯದ ಕುರುಬರ ಮನೆಯ ಪಟ ನೋಡಿ ಅವನೇ ಕಟ್ಟಿಸಿದ್ದು. ಯುರ್ತ ಅನ್ನುತ್ತಾರಂತೆ. ದುಂಡಗೆ ಬಿದಿರಿನ ತಟ್ಟಿ, ಮೇಲೆ ಕುರಿಕಂಬಳಿ, ನೆತ್ತಿಯಲ್ಲಿ ಬೆಳಕಿಗೊಂದು ಕಿಂಡಿ. ದುಡ್ಡು ಕೊಟ್ಟವರು ಇದರಲ್ಲಿ ಮಲಗಲು ಒಪ್ಪುವುದಿಲ್ಲ; ನೆಂಟರಿಗೆ ನಡೆಯುತ್ತದೆ. ಟೆಂಟಿಗೂ ನೆಂಟಿಗೂ ಇರುವುದು ಒಂದಕ್ಷರದ ವ್ಯತ್ಯಾಸ ತಾನೆ.

ಅಂಬುಜಾ ದೇವರ ಪಟ ಹಿಡಿದು ಒಳಗೆ ಒಂದು ಪ್ರದಕ್ಷಿಣೆ ಬಂದಳು. "ಗಿರಿ, ಈಶಾನ್ಯ ಮೂಲೆ ಎಲ್ಲೋ?"

"ದುಂಡಗಿರೋದಕ್ಕೆ ಮೂಲೆ ಎಲ್ಲಿಂದ ತರ್ಲಿ ಅಕ್ಕಾ?"

"ಮೂಲೆ ಇಲ್ದೆ ದೇವರನ್ನ ಎಲ್ಲಿಡ್ಲಿ?"

ಕೊನೆಗೆ ಅವನೊಂದು ಮಖಮಲ್ಲಿನ ಕುರ್ಚಿ ತಂದುಕೊಟ್ಟ. ದೇವರು ಈಗ ಮದುಮಗನಂತೆ ಕೂತಿದ್ದಾನೆ. ಮೂಲೆಯೇ ಇಲ್ಲದ ಮನೆಯಲ್ಲಿ ಮೂಲೆಗುಂಪಾದವನು ನಾನೊಬ್ಬ.

ಊರವರ ಲೆಕ್ಕದಲ್ಲಿ ನಾವು ಮಕ್ಕಳಿಬ್ಬರನ್ನೂ ಮೈಸೂರಿನ ಅಜ್ಜಿಯ ಮನೆಯಲ್ಲಿ ಬಿಟ್ಟು ರಜೆಗೆ ಬಂದಿದ್ದೇವೆ. ರಜೆಗೂ ಸಜೆಗೂ ಒಂದಕ್ಷರವೇ ವ್ಯತ್ಯಾಸ. ಅದನ್ನು ಇವತ್ತು ವಿಸ್ತರಿಸುವುದಿಲ್ಲ.

೪ ಮೇ, ಮಂಗಳವಾರ

ವಿಸ್ತರಿಸುತ್ತೇನೆ. ಇತಿಹಾಸದ ಮೇಷ್ಟ್ರು ನಾನು. ಯಾರು ಹೇಳಿದರು ಎಂದು ಕೆಳಗೆ ಆಧಾರ ಕೊಡದ ಮಾತು ಗಾಳಿಮಾತು ಎಂದು ಹದಿನೈದು ವರ್ಷದಿಂದ ಬಿ.ಎ. ಹುಡುಗರ ತಲೆಗೆ ಕುಟ್ಟುತ್ತಿದ್ದೇನೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಊಟ ಮಾಡಿ ತೂಕಡಿಸುತ್ತಿದ್ದ ಕೊನೆಯ ವರ್ಷದ ತರಗತಿಯನ್ನು ಎಬ್ಬಿಸಲೆಂದು ಒಂದು ಮಾತು ಹೇಳಿದೆ: "ಆರು ವರ್ಷದಿಂದ ನಿಂತಿದ್ದ ನಮ್ಮ ಕಾಲೇಜಿನ ಗಡಿಯಾರ ಕಳೆದ ಜೂನ್‌ನಿಂದ ಸರಿಯಾಗಿ ನಡೀತಾ ಇದೆ. ಯಾರೂ ರಿಪೇರಿ ಮಾಡಿಲ್ಲ. ಪಾಪ, ಅದಕ್ಕೂ ಹೆದರಿಕೆ." ಕಳೆದ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದದ್ದು ತೂಕಡಿಸುವವರಿಗೂ ನೆನಪಾಯಿತು. ನಲವತ್ತು ಜನ ನಕ್ಕರು. ಮೇಷ್ಟ್ರಿಗೆ ಇನ್ನೇನು ಬೇಕು.

ಮರುದಿನ ಗೋಡೆ ಪತ್ರಿಕೆಯಲ್ಲಿ ‘ಕೇಳಿದ್ದು’ ಎಂಬ ತಲೆಬರಹದ ಕೆಳಗೆ ಆ ಮಾತು ಬಂತು. ಬರೆದವನು ಚನ್ನಕೇಶವ, ಕೆಂಗೇರಿಯಿಂದ ಬರುವ ಹುಡುಗ. ನನ್ನ ಹಾಸ್ಯಗಳಿಗೆ ನಾನು ಮುಗಿಸುವ ಮೊದಲೇ ನಗುವವನು. ನನ್ನ ಹೆಸರು ಹಾಕಿರಲಿಲ್ಲ. ಯಾರೋ ಅದನ್ನು ಮೇಲಕ್ಕೆ ಮುಟ್ಟಿಸಿದರು. ಏಪ್ರಿಲ್ ಕೊನೆಗೆ ವಿಚಾರಣೆ ಬಂತು. ಪ್ರಿನ್ಸಿಪಾಲರು ಬಾಗಿಲು ಹಾಕಿ, ಫ್ಯಾನು ಜೋರು ಮಾಡಿ, ಹೇಳಿದರು:

"ಗೋಪೀನಾಥ್, ಆ ಮಾತಿಗೂ ನಿಮಗೂ ಸಂಬಂಧ ಇಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕ್ಬಿಡಿ. ಆಮೇಲೆ ಎಲ್ಲಾದ್ರೂ ತಣ್ಣಗೆ ಹೋಗಿ ಬನ್ನಿ. ಜೂನ್ ಹೊತ್ತಿಗೆ ಎಲ್ರೂ ಮರ್ತಿರ್ತಾರೆ."

ಬರೆದುಕೊಟ್ಟೆ. ಅಕ್ಷರ ಚೆನ್ನಾಗಿಯೇ ಬಂತು. ಸಹಿ ಹಾಕಿದವನು ಸಹಿಸಿಕೊಳ್ಳಬೇಕು, ಅಷ್ಟೇ. ನಾನು ಆಡಿದ ಮಾತು ಅಂಬುಜಾಳಿಗೆ ಗೊತ್ತು. ಕಾಗದದ ವಿಷಯ ಹೇಳಿಲ್ಲ.

ಇವತ್ತು ಹುಲಿ ನೋಡಲು ಜೀಪಿನಲ್ಲಿ ಹೋಗಿ, ವಾಪಸು ಬಂದು ಹುಳಿ ತಿಂದು ಮಲಗಿದೆವು.

೬ ಮೇ, ಗುರುವಾರ

ಬೆಳಿಗ್ಗೆ ಡೇರೆಯ ಮುಂದೆ ಸರಸ್ವತಿಗೂ ಲಕ್ಷ್ಮಿಗೂ, ಅಂದರೆ ಓದಿಗೂ ಪೊರಕೆಗೂ, ಜಗಳ.

ಇಲ್ಲಿಯ ಕಾವಲುಗಾರ ಮರಿಯಪ್ಪ ದಿನಾ ಸಂಜೆ ಒಂದು ಸೊಪ್ಪಿನ ಕೊಂಬೆ ಎಳೆದುಕೊಂಡು ಡೇರೆಗಳ ಸುತ್ತ ನಡೆಯುತ್ತಾನೆ. ಮಣ್ಣು ನುಣ್ಣಗಾಗುತ್ತದೆ. ರಾತ್ರಿ ಯಾವ ಪ್ರಾಣಿ ಬಂದು ಹೋಯಿತು ಎಂದು ಬೆಳಿಗ್ಗೆ ಏಳಕ್ಕೆ ಬಂದು ಹೆಜ್ಜೆ ಓದುತ್ತಾನೆ. ಬಯಲಿನ ಹತ್ತಿರ ಒಂದು ಚಿರತೆ ಓಡಾಡುತ್ತಿದೆಯಂತೆ. ಆದರೆ ಐದೂವರೆಗೆಲ್ಲ ಅಂಬುಜಾ ಎದ್ದು, ಬಾಗಿಲಿನ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದಿರುತ್ತಾಳೆ. ರಾಜಾಜಿನಗರದಲ್ಲೂ ಹಾಗೆಯೇ, ಮಂಗೋಲಿಯದಲ್ಲೂ ಹಾಗೆಯೇ.

"ಅಮ್ಮಾವ್ರೇ, ಸಂಜೆ ನಾನು ಸ್ಲೇಟು ಒರ್ಸಿ ಮಡಗೋಯ್ತೀನಿ. ರಾತ್ರಿ ಅದು ಬಂದು ಬರ್ದೋಯ್ತದೆ. ನಾನು ಓದೋಕೆ ಮುಂಚೆ ನೀವು ಅಳಿಸ್ಬುಡ್ತೀರಿ."

"ಗುಡಿಸ್ದೇ ಇರೋ ಬಾಗಿಲಿಗೆ ಲಕ್ಷ್ಮಿ ಬರ್ತಾಳೇನಪ್ಪಾ?"

"ಲಕ್ಷ್ಮಿ ಬತ್ತಾಳೋ ಬುಡ್ತಾಳೋ. ಚಿರತೆ ಬತ್ತದೆ."

"ನೀನು ಬೇಗ ಬಾ. ಐದಕ್ಕೆ ಬಾ."

"ಐದಕ್ಕೆ ಬಂದ್ರೆ ಕತ್ಲಲ್ಲಿ ಏನ್ ಕಾಣ್ತದೆ, ಅಮ್ಮಾವ್ರ ರಂಗೋಲಿನಾ?"

ತೀರ್ಪಿಗೆ ನನ್ನ ಕಡೆ ತಿರುಗಿದರು. ಇಬ್ಬರೂ ಸರಿ ಎಂದು ಹೇಳಿ ತಪ್ಪಿಸಿಕೊಂಡೆ. ತಪ್ಪಿಸಿಕೊಳ್ಳುವುದರಲ್ಲಿ ಈಚೆಗೆ ಕೈ ಪಳಗಿದೆ. ಮರಿಯಪ್ಪ ಹೋಗುವಾಗ ನನ್ನ ಚಪ್ಪಲಿ ನೋಡಿ, "ಸಾರು ಬಲಗಾಲು ಒತ್ತಿ ನಡೀತಾರೆ, ಹಿಮ್ಮಡಿ ಸವೆದದೆ" ಎಂದ. ಪ್ರಾಧ್ಯಾಪಕನ ಪಾದಕ್ಕೂ ಒಬ್ಬ ಓದುಗ ಸಿಕ್ಕಿದ.

೯ ಮೇ, ಭಾನುವಾರ

ವೆಂಕಟಗಿರಿ ಬೆಂಗಳೂರಿನಿಂದ ಲಾರಿಯಲ್ಲಿ ಅಕ್ಕಿ, ಸೀಮೆಎಣ್ಣೆ, ಪೆಟ್ರೋಮ್ಯಾಕ್ಸ್ ದೀಪಗಳನ್ನು ತಂದ. ಒಂದು ಬುಟ್ಟಿ ಮಾವಿನಹಣ್ಣನ್ನೂ ತಂದ. ಅದನ್ನು ಇಳಿಸಿಟ್ಟು ಡೇರೆಯ ಹಿಂದಕ್ಕೆ ನನ್ನನ್ನು ಕರೆದ.

"ಭಾವಾ, ಚನ್ನಕೇಶವ ಅಂತ ನಿಮ್ಮ ಸ್ಟೂಡೆಂಟಂತೆ. ಗುರುವಾರ ಬಂದು ಕರ್ಕೊಂಡ್ ಹೋದ್ರಂತೆ."

"ಯಾರು?"

"ಯಾರು ಅಂದ್ರೆ? ಪೊಲೀಸ್ನೋರು. ಗೋಡೆ ಮೇಲೆ ಬರ್ದಿದ್ದು ಯಾರ ಮಾತು ಅಂತ ಕೇಳಿದ್ರಂತೆ. ನಂದೇ, ನಾನೇ ಕಟ್ಟಿ ಬರ್ದೆ ಅಂದ್ನಂತೆ. ನೀವು ಸಹಿ ಹಾಕಿದ ಕಾಗದಾನೂ ಅದನ್ನೇ ಹೇಳುತ್ತಲ್ಲ. ನಿಮ್ಮ ಪ್ರಿನ್ಸಿಪಾಲ್ರು ಅದನ್ನ ಠಾಣೆಗೆ ಕೊಟ್ಟಿದಾರೆ, ಅವರೇ ಅಂಗಡಿಗೆ ಫೋನ್ ಮಾಡಿ ಹೇಳಿದ್ರು. ಎರಡೂ ತಾಳೆ ಆಯ್ತು. ನೀವು ಬಚಾವು ಬಿಡಿ."

ಡೇರೆಯ ಹಗ್ಗದ ಗಂಟೊಂದನ್ನು ಬಿಗಿ ಮಾಡಿದೆ.

"ಅವನ ತಾಯಿ, ಮುನಿಲಕ್ಷ್ಮಮ್ಮ ಅಂತ, ನಿಮ್ಮ ಮನೆ ಹುಡುಕ್ಕೊಂಡ್ ಬಂದಿದ್ರು. ಬೀಗ ನೋಡಿ, ಅವರಿವರನ್ನ ಕೇಳಿ ನಮ್ಮ ಅಂಗಡಿಗೆ ಬಂದ್ರು. ‘ಹುಡ್ಗ ಏನೋ ಬುದ್ಧಿ ಇಲ್ದೆ ಗೀಚವ್ನೆ, ಮೇಷ್ಟ್ರು ದೊಡ್ಡೋರು, ಅವರೊಂದು ಮಾತು ಹೇಳಿದ್ರೆ ಬಿಡ್ತಾರೆ’ ಅಂದ್ರು. ಹಣ್ಣು ಅವರದೇ ತೋಟದ್ದು. ಬೇಡ ಅಂದ್ರೂ ಕೇಳ್ಲಿಲ್ಲ."

"ನೀನೇನಂದೆ?"

"ಮೇಷ್ಟ್ರು ಕಾಡಲ್ಲಿದಾರೆ ಅಂದೆ. ಇನ್ನೇನ್ ಅನ್ಲಿ?"

ಒಂದು ಮಾತು ಹೇಳಿದರೆ ಬಿಡುತ್ತಾರೆ. ಆಕೆ ಯಾವ ಮಾತು ಎಂದು ಗೊತ್ತಿಲ್ಲದೆ ಸರಿಯಾದದ್ದನ್ನೇ ಹೇಳಿದ್ದಾಳೆ.

ಒಳಗೆ ಬಂದೆ. ಅಂಬುಜಾ ಬುಟ್ಟಿಯ ಮೇಲಿನ ಹುಲ್ಲು ಸರಿಸಿ, ಹಣ್ಣು ನೋಡಿ, ಮತ್ತೆ ಮುಚ್ಚಿದಳು. ಯಾರು ಕೊಟ್ಟರು ಎಂದು ಕೇಳಲಿಲ್ಲ. ಇಷ್ಟು ದಿನದಲ್ಲಿ ಅವಳು ಏನನ್ನಾದರೂ ಯಾರು ಕೊಟ್ಟರು ಎಂದು ಕೇಳದೆ ಇದ್ದದ್ದು ಇದೇ ಮೊದಲು.

೧೦ ಮೇ, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ. ಆನೆಗಳು ಬಂದವು, ನೀರು ಕುಡಿದವು, ಹೋದವು.

೧೧ ಮೇ, ಮಂಗಳವಾರ

ಕಾಡಿಗೆ ಬಂದರೆ ಕಾಡುವುದು ತಪ್ಪುತ್ತದೆ ಎಂದುಕೊಂಡಿದ್ದೆ. ಈ ಸಾಲನ್ನು ನಿನ್ನೆಯೇ ಯೋಚಿಸಿಟ್ಟಿದ್ದೆ. ಬರೆದ ಮೇಲೆ ಅಷ್ಟೇನೂ ಚೆನ್ನಾಗಿಲ್ಲ.

ಅಂಬುಜಾ ಈಗ ಏಳುವುದು ಆರೂವರೆಗೆ. ಕಾಡಿನ ಗಾಳಿಗೆ ಒಳ್ಳೆಯ ನಿದ್ದೆ ಬರುತ್ತಿರಬೇಕು. ಎದ್ದವಳು ಮಾತ್ರ ಮುಖ ಕೂಡ ತೊಳೆಯದೆ ಮೊದಲು ಪೊರಕೆ ಹಿಡಿಯುತ್ತಾಳೆ.

೧೩ ಮೇ, ಗುರುವಾರ

ಸಾವಧಾನವಾಗಿ ಯೋಚಿಸಿದರೆ ಹೀಗೆ. ನಾನು ಹೋಗಿ ಹೇಳಿದೆ ಎಂದಿಟ್ಟುಕೊಳ್ಳೋಣ. ಹುಡುಗನನ್ನು ಬಿಡುತ್ತಾರೆ ಎಂಬುದಕ್ಕೆ ಏನು ಆಧಾರ? ಬರೆದದ್ದಂತೂ ಅವನೇ. ಇಬ್ಬರೂ ಒಳಗಾಗಬಹುದು. ನನ್ನ ಕೆಲಸ ಹೋಗುತ್ತದೆ. ಅವನಿಗಾದರೆ ಕೆಲಸವೇ ಇಲ್ಲ, ಹೋಗುವುದಕ್ಕೆ. ವಯಸ್ಸು ಚಿಕ್ಕದು. ಬೆನ್ನು ಗಟ್ಟಿ.

ಈ ಕೊನೆಯ ಎರಡು ಸಾಲು ಹೊಡೆದುಹಾಕಬೇಕು. ಹಾಗೆಯೇ ಇರಲಿ.

ಡೇರೆಯ ತುಂಬ ಮಾವಿನ ವಾಸನೆ. ಮೂಲೆಯಿದ್ದಿದ್ದರೆ ಬುಟ್ಟಿಯನ್ನು ಮೂಲೆಗಾದರೂ ತಳ್ಳಬಹುದಿತ್ತು. ಇಲ್ಲಿ ಎಲ್ಲಿಟ್ಟರೂ ಎದುರಿಗೇ ಇರುತ್ತದೆ. ಎರಡು ಹಣ್ಣಿಗೆ ಕಪ್ಪು ಚುಕ್ಕೆ ಬಂದಿದೆ. ಕೊಯ್ದು ಕೊಡು ಎಂದು ನಾನೂ ಹೇಳಿಲ್ಲ, ಕೊಯ್ಯಲೇ ಎಂದು ಅವಳೂ ಕೇಳಿಲ್ಲ.

ಬಟ್ಟೆ ಒಗೆಯುವಾಗ ಕೇಳಿದಳು: "ಪಂಚೆ ಅಂಚು ದಿನಾ ಯಾಕೆ ಹೀಗೆ ಮಣ್ಣಾಗುತ್ತೆ?"

"ಕಾಡಲ್ವೇನೇ."

"ಹೂಂ. ಕಾಡು."

ಮಧ್ಯಾಹ್ನ ಕೋತಿಯೊಂದು ನನ್ನ ಕಾಫಿ ಲೋಟ ಹೊತ್ತುಕೊಂಡು ಹೋಗಿ ಮರದ ಮೇಲೆ ಕೂತು ಕುಡಿಯಿತು. ಸೇಠು ದಂಪತಿಗಳು ಬಿದ್ದು ಬಿದ್ದು ನಕ್ಕರು. ಅಂಬುಜಾ ನನ್ನ ಮುಖ ನೋಡುತ್ತ ಕಾದಳು, ನಾನೇನೋ ಹೇಳುತ್ತೇನೆ ಎಂದು. ಇನ್ನೊಂದು ಲೋಟ ಕಾಫಿ ಇದೆಯೇ ಎಂದು ಕೇಳಿದೆ.

೧೬ ಮೇ, ಭಾನುವಾರ

ಇವತ್ತು ಏಳಕ್ಕೆ ಮರಿಯಪ್ಪ ಬಂದಾಗ ಅಂಗಳ ಗುಡಿಸಿರಲಿಲ್ಲ. ಅಂಬುಜಾ ಸ್ನಾನ ಮಾಡಿ, ಪೊರಕೆಯನ್ನು ಬಾಗಿಲಿಗೆ ಒರಗಿಸಿ, ಪಕ್ಕದ ಡೇರೆಯಿಂದ ತಂದ ಮದುವೆ ಕುರ್ಚಿಯಲ್ಲಿ ಕೂತಿದ್ದಳು.

"ಏನಮ್ಮಾವ್ರೇ, ಇವತ್ತು ಸ್ಲೇಟು ಹಂಗೇ ಅದೆ?"

"ಓದಪ್ಪಾ. ದಿನಾ ಗೋಳಾಡ್ತಿದ್ಯಲ್ಲ."

ಅವನು ಕುಕ್ಕರುಗಾಲಲ್ಲಿ ಕೂತ. ಬೆರಳಿನಿಂದ ಗಾಳಿಯಲ್ಲಿಯೇ ಗೆರೆ ಎಳೆಯುತ್ತ ಓದಿದ. "ಇಗಾ, ಚಿರತೆ. ಹೆಣ್ಣು. ಸೇಠು ಡೇರೆ ಹಿಂದಿಂದ ಬಂದು, ನಿಮ್ ಬಾಗ್ಲಲ್ಲಿ ನಿಂತು, ರಸ್ತೆ ಕಡೆ ಹೋಗ್ಯದೆ." ಆಮೇಲೆ ನೆಲಕ್ಕೆ ಇನ್ನಷ್ಟು ಬಗ್ಗಿದ. ಎದ್ದು ರಸ್ತೆಯ ಕಡೆಗೆ ನಡೆದ. ಬಸ್ಸು ನಿಲ್ಲುವ ಕಲ್ಲಿನವರೆಗೆ ಹೋಗಿ, ತಲೆ ಬಗ್ಗಿಸಿಕೊಂಡೇ ವಾಪಸು ಬಂದು, ನನ್ನ ಬಲಗಾಲಿನ ಚಪ್ಪಲಿ ನೋಡಿದ.

"ಸಾರ್, ಚಿರತೆ ಹೆಜ್ಜೆ ಮ್ಯಾಲೆ ನಿಮ್ ಹೆಜ್ಜೆ ಬಿದ್ದದೆ. ಅದು ಹೋಗಿ ಅರ್ಧ ಗಂಟೆನೂ ಆಗಿರ್ನಿಲ್ಲ, ಅದ್ರ ಹಿಂದೇನೇ ನೀವು ಹೋಗಿದೀರಿ."

ನಾನು ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡೆ.

"ಕಲ್ಲತ್ರ ತುಂಬ ಹೊತ್ತು ನಿಂತಿದೀರಿ. ಮಣ್ಣು ತುಳ್ದು ಗಟ್ಟಿಯಾಗ್ಯದೆ. ಹೋಗೋವಾಗ ಹೆಜ್ಜೆ ದೊಡ್ದು, ಬರೋವಾಗ ಸಣ್ದು." ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಚಿರತೆ ಹಿಂದೆ ಹೋಗೋ ಧೈರ್ಯ ಇರೋರು, ಬಸ್ ಹತ್ದೆ ಯಾಕ್ ಸಾರ್ ವಾಪಸ್ ಬಂದ್ರಿ?"

ಉತ್ತರ ಬೇಕೆಂದು ಕೇಳಿದವನಲ್ಲ. ಹೊರಟುಹೋದ.

ಇಲ್ಲಿ ನಾನು ಇದನ್ನು ಬರೆದಿರಲಿಲ್ಲ. ಸೋಮವಾರದಿಂದ ದಿನಾ ಹೋಗಿದ್ದೇನೆ. ಮೈಸೂರಿಗೆ ಹೋಗುವ ಮೊದಲ ಬಸ್ಸು ಆರೂಕಾಲಿಗೆ ಕಲ್ಲಿನ ಹತ್ತಿರ ನಿಲ್ಲುತ್ತದೆ. ಕಂಡಕ್ಟರು ಎರಡು ಸಲ ಶಿಳ್ಳೆ ಹಾಕುತ್ತಾನೆ. ಮೊನ್ನೆ, "ಏನ್ ಸಾರ್, ದಿನಾ ನಮ್ಮನ್ನ ಕಳಿಸ್ಕೊಡೋಕೆ ಬರ್ತೀರಾ?" ಎಂದ. ನನಗಾಗಿ ಮಾತ್ರ ಬರೆಯುವ ಪುಸ್ತಕದಲ್ಲೂ ನನಗೆ ಹೇಳಿಕೊಂಡಿಲ್ಲ.

ಒಳಗೆ ಹೋದೆ. ಅಂಬುಜಾ ಹಿಂದೆಯೇ ಬಂದಳು.

"ನಿನಗೆ ಗೊತ್ತಿತ್ತಾ?"

"ನೀವು ಏಳೋವಾಗ ನಂಗೆ ಎಚ್ಚರವಾಗೇ ಇರ್ತಿತ್ತು. ವಾಪಸ್ ಬಂದು ಮಲಗಿ, ಸುಳ್ಳು ಗೊರಕೆ ಶುರು ಮಾಡಿದ ಮೇಲೆ ಎದ್ದು ಗುಡಿಸ್ತಿದ್ದೆ."

"ಯಾಕೆ?"

"ಮರಿಯಪ್ಪ ನೋಡಬಾರ್ದು ಅಂತ. ಹೋದ ಹೆಜ್ಜೆ, ಬಂದ ಹೆಜ್ಜೆ, ಎರಡೂ ಹಾಗೆ ಎದ್ದು ಕಾಣ್ತಿತ್ತು. ಒಂದಿನ ಎದ್ದು ಬಂದ್ರೆ ಹೋದ ಹೆಜ್ಜೆ ಮಾತ್ರ ಇರುತ್ತೆ, ಆವತ್ತು ಗುಡಿಸೋದು ಬೇಡ ಅಂದ್ಕೊಂಡಿದ್ದೆ."

"ಇವತ್ತು ಎರಡೂ ಇತ್ತಲ್ಲ."

"ಸಾಕಾಯ್ತು."

ಕಾಗದದ ವಿಷಯವನ್ನು ಎಲ್ಲಿಂದ ಶುರು ಮಾಡಲಿ ಎಂದು ನಾನು ತಡವರಿಸುವಾಗ ಅವಳೇ ಹೇಳಿದಳು: "ಗಿರಿ ಹೇಳಿದ್ದು ನಂಗೂ ಕೇಳಿಸ್ತು. ಇದು ಕಂಬಳಿ ಕಣ್ರೀ, ಗೋಡೆ ಅಲ್ಲ."

"ಕೆಲಸ ಹೋಗುತ್ತೆ ಅಂಬುಜಾ."

"ಗೊತ್ತು."

"ಒಳಗೂ ಹಾಕಬಹುದು."

"ಗೊತ್ತು ಅಂದ್ನಲ್ಲ." ಬುಟ್ಟಿಯ ಮೇಲಿನ ಹುಲ್ಲು ತೆಗೆದು, ಕೊಳೆತ ಹಣ್ಣುಗಳನ್ನು ಆರಿಸಿ ಆಚೆ ಇಡತೊಡಗಿದಳು. "ಇದನ್ನ ನಾವು ತಿನ್ನೋ ಹಾಗಿಲ್ಲ. ಕೆಟ್ಟುಹೋಗೋಕೆ ಮುಂಚೆ ವಾಪಸ್ ಕೊಡ್ಬೇಕು."

ಮಧ್ಯಾಹ್ನ ಪೆಟ್ಟಿಗೆಯಲ್ಲಿ ಅವಳ ಸೀರೆಗಳನ್ನೂ ಮಡಚಿಡುತ್ತಿದ್ದಳು. ನೀನು ಇಲ್ಲೇ ಗಿರಿಯ ಜೊತೆ ಇರು ಎಂದೆ.

"ಠಾಣೆಗೆ ನಿಮಗೆ ಊಟ ಯಾರು ತರ್ತಾರೆ? ಪ್ರಿನ್ಸಿಪಾಲ್ರಾ?"

೧೭ ಮೇ, ಸೋಮವಾರ. ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಹತ್ತಿದ್ದೇವೆ. ಕಂಡಕ್ಟರು ಶಿಳ್ಳೆ ಹಾಕುವುದನ್ನೇ ಮರೆತ. ಕಲ್ಲಿನವರೆಗೂ ಅಂಬುಜಾ ಬುಟ್ಟಿ ಹೊತ್ತು ನನ್ನ ಮುಂದೆ ನಡೆದಳು. ಇವತ್ತೂ ಅಂಗಳ ಗುಡಿಸಲಿಲ್ಲ.

ಅದೇ ದಿನ, ಮೂರು ಗಂಟೆ. ಠಾಣೆ

ಮೈಸೂರಿನಿಂದ ಬರುವ ಬಸ್ಸು ಬೆಂಗಳೂರು ಸೇರುವ ಮೊದಲು ಕೆಂಗೇರಿಯಲ್ಲಿ ನಿಲ್ಲುತ್ತದೆ. ಅಲ್ಲೇ ಇಳಿದೆವು. ಮುನಿಲಕ್ಷ್ಮಮ್ಮನವರ ಮನೆ ತೋರಿಸಲು ದಾರಿಯಲ್ಲಿ ಒಬ್ಬರೂ ತಡಮಾಡಲಿಲ್ಲ, ಊರಿಗೆಲ್ಲ ಗೊತ್ತಾಗಿದೆ. ಆಕೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಮೇಷ್ಟ್ರು ಎಂದು ತಿಳಿದೊಡನೆ ಎದ್ದು, ಸೆರಗು ಸರಿಮಾಡಿಕೊಂಡು, ಚಾಪೆ ತರಲು ತಿರುಗಿದರು. ಕೂರುವ ಮೊದಲೇ ಹೇಳಿಬಿಡಬೇಕೆಂದು ನಿಂತುಕೊಂಡೇ ಹೇಳಿದೆ. ಆ ಮಾತು ಹುಡುಗನದಲ್ಲ, ನನ್ನದು. ನನ್ನದಲ್ಲ ಎಂದು ಬರೆದುಕೊಟ್ಟು ಹೋಗಿದ್ದೆ.

ಆಕೆ ಮತ್ತೆ ಕೂತು ಮೊರದ ರಾಗಿಯನ್ನು ಕೈಯಿಂದ ಸವರಿದರು.

"ಅಂಗಾದ್ರೆ ನಮ್ ಹುಡ್ಗ ಸುಳ್ಳು ಹೇಳವ್ನೆ," ಎಂದರು. "ಅವನಿಗೆ ಸುಳ್ಳು ಹೇಳಾಕೆ ಬರಾಕಿಲ್ಲ ಅಂತ ನಾನು ಎಲ್ಲರ ತಾವೂ ಹೇಳ್ಕೊಂಡ್ ತಿರುಗ್ದೆ."

ಅಂಬುಜಾ ಬುಟ್ಟಿ ಕೆಳಗಿಟ್ಟಳು. ಆಕೆ ಹುಲ್ಲು ಸರಿಸಿ ನೋಡಿದರು. "ಒಂದೂ ತಿಂದಿಲ್ವಾ?"

"ಇಲ್ಲಮ್ಮಾ. ಕೆಟ್ಟಿದ್ದನ್ನ ಮಾತ್ರ ತೆಗೆದ್ವಿ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಆಕೆ ಒಳಗೆ ಹೋಗಿ ನೀರು ತಂದುಕೊಟ್ಟರು, ನಾನು ಕುಡಿಯುವವರೆಗೆ ನಿಂತಿದ್ದು, ಬಾಗಿಲಿಗೆ ಚಿಲಕ ಹಾಕಿ, "ನಡೀರಿ" ಎಂದರು.

ಇನ್ಸ್‌ಪೆಕ್ಟರು ನಾನು ಹೇಳಿದ್ದನ್ನು ಕೇಳಿ ಒಂದು ಬಿಳಿ ಹಾಳೆ ಮುಂದಿಟ್ಟರು. "ಬರ್ಕೊಡಿ. ಹಿಂದೆ ಒಂದು ಬರ್ಕೊಟ್ಟಿದೀರಿ. ಇದರಲ್ಲಿ ಯಾವುದನ್ನ ನಂಬ್ಬೇಕು ನಾವು?"

"ಇದನ್ನ. ಆವತ್ತು ಹೆದರಿಕೊಂಡು ಬರೆದೆ."

"ಇವತ್ತು ಹೆದರಿಕೆ ಇಲ್ವೇ?"

"ಇದೆ," ಎಂದೆ.

ಮೂರು ವಾಕ್ಯ ಬರೆದು ಸಹಿ ಹಾಕಿದೆ. ಅಕ್ಷರ ಸೊಟ್ಟಗಿದೆ. ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿಕೊಂಡು, ಮೇಲಿನವರು ಬರಲಿ, ಹುಡುಗನ ವಿಷಯ ಬೇರೆ ರೀತಿ ನೋಡಬೇಕಾಗುತ್ತದೆ, ನೀವು ಇಲ್ಲೇ ಇರಬೇಕು ಎಂದರು. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಆಚೆ ಹೊಂಗೆ ಮರದ ಕೆಳಗೆ ಅಂಬುಜಾ ಮತ್ತು ಮುನಿಲಕ್ಷ್ಮಮ್ಮ ಕೂತಿದ್ದಾರೆ. ನಡುವೆ ಒಂದು ಮೊಳ ಜಾಗ ಬಿಟ್ಟಿದ್ದಾರೆ.

ಈಗಷ್ಟೇ ಚನ್ನಕೇಶವನನ್ನು ಹಜಾರದ ಮೂಲಕ ಕರೆದುಕೊಂಡು ಹೋದರು. ತಲೆ ಬೋಳಿಸಿದ್ದಾರೆ. ಮೊದಲು ಗುರುತು ಸಿಗಲಿಲ್ಲ.

"ಸಾರ್, ನೀವ್ಯಾಕ್ ಬಂದ್ರಿ? ನಾನು ನಿಮ್ಮ ಹೆಸರೇ ಹೇಳಿಲ್ಲ."

"ಅದೇ ತಪ್ಪು ಕಣೋ," ಎಂದೆ. "ಯಾರ ಮಾತು ಅಂತ ಕೆಳಗೆ ಆಧಾರ ಕೊಡ್ಬೇಕು. ಮೂರು ವರ್ಷ ಅದನ್ನೇ ತಾನೆ ಹೇಳ್ಕೊಟ್ಟಿದ್ದು."

ಅವನು ನಗಲು ಹೋಗಿ ತುಟಿ ಹಿಡಿದುಕೊಂಡ. ತುಟಿ ಒಡೆದಿದೆ.

ಕೈಗಡಿಯಾರ, ಪೆನ್ನು, ಕಿಸೆಯಲ್ಲಿರುವುದನ್ನೆಲ್ಲ ಮೇಜಿನ ಮೇಲಿಡಬೇಕೆಂದು ಕಾನ್‌ಸ್ಟೇಬಲ್ ಬಂದು ನಿಂತಿದ್ದಾನೆ. ಪುಸ್ತಕ ಮನೆಯವರಿಗೆ ಕೊಡಬಹುದಂತೆ. ಅಂಬುಜಾಳನ್ನು ಕರೆಯಲು ಹೋಗಿದ್ದಾರೆ. ಓದಿದರೆ ಓದಲಿ. ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.